ಬೆಳ್ಳಕ್ಕಿಗೆ ಒಪ್ಪಿದ ದನಿ

ಮೊದಲು ಅವರ ದನಿ ಬರುತ್ತಿತ್ತು, ಅವರು ಆಮೇಲೆ. ತೆಕ್ಕಟ್ಟೆ ಪೇಟೆಯಲ್ಲಿ ಮೀನಿನ ಬುಟ್ಟಿಯ ಮುಂದೆ ನಿಂತು "ಬಂಗ್ಡಿ ಇವತ್ತಿಂದಾ, ನಿನ್ನೇದಾ?" ಎಂದು ಅವರು ಕೇಳಿದರೆ ಹೆದ್ದಾರಿಯ ಆಚೆ ಬದಿಯಲ್ಲಿ ಕ್ಷೌರಕ್ಕೆ ಕುಳಿತವನೂ ಆ ದಿನ ಬಂಗುಡೆ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಿಬಿಡುತ್ತಿದ್ದ. ಮೀನು ಮಾರುವ ಹೆಂಗಸರಿಗೆ ಅವರನ್ನು ಕಂಡರೆ ಅಷ್ಟೇ ಪ್ರೀತಿ, ಅಷ್ಟೇ ಭಯ. ಮೀನು ತಾಜಾ ಇದ್ದ ದಿನ ಕೂಗಿ ಕರೆಯುತ್ತಿದ್ದರು, ಇಲ್ಲದ ದಿನ ಬೇರೆ ಕಡೆ ನೋಡುತ್ತಿದ್ದರು.

ಊರಿನವರು ಅವರನ್ನು ಅಣ್ಣಯ್ಯ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಗದ್ದೆ, ತೋಟ, ಬೊಂಬಾಯಿಯಲ್ಲಿ ಹೋಟೆಲು ಎಲ್ಲ ಇದ್ದರೂ ಅವರು ನಿಜವಾಗಿ ತಮ್ಮದು ಅಂದುಕೊಂಡದ್ದು ಆ ದನಿಯನ್ನು ಮಾತ್ರ. ಕೊನೆಗೆ ದನಿ ಇಟ್ಟುಕೊಳ್ಳುವುದೋ ಜೀವ ಇಟ್ಟುಕೊಳ್ಳುವುದೋ ಎಂಬಲ್ಲಿಗೆ ಬಂದು ನಿಂತಾಗ, ಅವರು ಜೀವವನ್ನೇ ಆರಿಸಿಕೊಳ್ಳುತ್ತಾರೆ ಎಂಬ ಖಾತ್ರಿ ನಮಗೆ ಯಾರಿಗೂ ಇರಲಿಲ್ಲ. ಅವರು ತೀರಿಕೊಂಡು ಈಗ ಒಂದು ತಿಂಗಳಾಯಿತು. ಗದ್ದೆ ಬೈಲಿನಲ್ಲಿ ಉಳುವ ಟಿಲ್ಲರಿನ ಸದ್ದು ಕೇಳಿದರೆ ನನ್ನ ಕಿವಿ ಈಗಲೂ ಅದರ ಮೇಲೊಂದು ಸದ್ದಿಗೆ ಕಾಯುತ್ತದೆ.

ಆ ದನಿ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಮೀಸೆ ಚಿಗುರುವ ವಯಸ್ಸಿಗೆ ಬೊಂಬಾಯಿ ಸೇರಿ ಹೋಟೆಲಿನಲ್ಲಿ ಟೇಬಲ್ಲಿಗೆ ನಿಂತವರು. ಆಗೆಲ್ಲ ಗಿರಾಕಿ ಹೇಳಿದ್ದನ್ನು ಟೇಬಲ್ ಹತ್ತಿರದಿಂದಲೇ ಅಡುಗೆಮನೆಗೆ ಕೂಗಿ ಹೇಳಬೇಕಿತ್ತು. ನಡುವೆ ಲೋಟ ತಟ್ಟೆಗಳ ಸದ್ದು, ಬೀದಿಯ ಸದ್ದು, ಕಾವಲಿಯ ಮೇಲೆ ನೀರು ಚಿಮುಕಿಸುವ ಸದ್ದು. ಅಷ್ಟನ್ನೂ ದಾಟಿ ದನಿ ದೋಸೆ ಹೊಯ್ಯುವವನ ಕಿವಿಗೆ ಬೀಳಬೇಕು. ಮುಂದೆ ಅವರೇ ಹೋಟೆಲಿನ ಧಣಿಯಾಗಿ ಗಲ್ಲಾದಲ್ಲಿ ಕುಳಿತರು. ಕೂಗುವ ಅಗತ್ಯ ಮುಗಿಯಿತು, ಕೂಗುವುದು ಮುಗಿಯಲಿಲ್ಲ. ವಯಸ್ಸಾದ ಮೇಲೆ ಹೋಟೆಲನ್ನು ಅಳಿಯನಿಗೆ ವಹಿಸಿ ಊರಿಗೆ ಬಂದಾಗ ಟ್ರಂಕು, ಹಾಸಿಗೆ, ಹೋಟೆಲಿನ ಎರಡು ಕೆಂಪು ಕುರ್ಚಿಗಳ ಜೊತೆ ದನಿಯೂ ಬಂತು.

ನಾನು ಹೆಮ್ಮಾಡಿ ಕಡೆಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಜನ ದುರ್ಬೀನು ನೇತುಹಾಕಿಕೊಂಡು ಹೊಳೆ ಬದಿಯಲ್ಲಿ ಹಕ್ಕಿ ನೋಡಲು ಹೋಗುವುದಿತ್ತು. ಅದರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ ಎಲ್ಲರಿಗಿಂತ ಶಿಸ್ತಿನವರು. ಅವರ ಎದುರು ಕೆಮ್ಮುವುದಕ್ಕೂ ನಾವು ಅಂಜುತ್ತಿದ್ದೆವು. ಅಂಥ ಗುಂಪಿಗೆ ಸೇರಬೇಕೆಂದು ಅಣ್ಣಯ್ಯನಿಗೆ ಆಸೆ ಹುಟ್ಟಿತು.

"ಮಾಷ್ಟ್ರೆ, ನಂಗೂ ಹಕ್ಕಿ ಕಾಂಬುಕ್ ಆಸೆ ಇತ್ತ್. ನಾನೂ ಬರ್ಲಾ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರು. ಬಸ್‌ಸ್ಟ್ಯಾಂಡಿನಲ್ಲಿ ಇದ್ದವರೆಲ್ಲ ನಾನೇನು ಹೇಳುತ್ತೇನೆಂದು ನನ್ನ ಮುಖ ನೋಡಿದರು. ಬನ್ನಿ ಎನ್ನದೆ ಬೇರೆ ದಾರಿ ಇರಲಿಲ್ಲ.

ಬಂದರು. ಹೊಳೆಯಂಚಿನ ಕಾಂಡ್ಲಾ ಗಿಡದ ಮೇಲೆ ಮಿಂಚುಳ್ಳಿ ಕುಳಿತಿತ್ತು. ಮೇಡಂ ಬೆರಳು ತೋರಿಸಿದರು. ಅಣ್ಣಯ್ಯ, "ಹ್ವಾಯ್, ಎಲ್ಲಿತ್ತ್?" ಎಂದರು. ಮಿಂಚುಳ್ಳಿ ಇರಲಿಲ್ಲ. ಮುಂದಿನ ಹಕ್ಕಿಗೆ ಅವರು ಪಿಸುದನಿಯಲ್ಲಿ ಕೇಳಿದರು. ಅವರ ಪಿಸುದನಿ ಎಂದರೆ ಸಾಧಾರಣ ಮನುಷ್ಯ ಜಗಳಕ್ಕೆ ನಿಂತ ದನಿ. ಹೊಳೆಯ ಆಚೆ ದಡದಲ್ಲಿ ಬಲೆ ಹರಡುತ್ತಿದ್ದವರು "ಎಂತ?" ಎಂದು ಕೇಳಿದರು. ಹುಂಡುಕೋಳಿ ಹುಲ್ಲಿನೊಳಗೆ ನುಗ್ಗಿತು, ಟಿಟ್ಟಿಭ ಊರೆಬ್ಬಿಸಿತು, ಕೆಂಬೂತ ಬೇಸರದಿಂದ ಎದ್ದು ಹೋಯಿತು. ಆ ಬೆಳಿಗ್ಗೆ ನಾವು ಹಕ್ಕಿಗಳ ಬೆನ್ನನ್ನೇ ನೋಡಿದ್ದು.

ಎರಡು ಮೂರು ಭಾನುವಾರ ಹೀಗೆಯೇ ಕಳೆದ ಮೇಲೆ ಅವರೇ ಹೇಳಿದರು: "ತಪ್ಪ್ ನಿಮ್ದಲ್ಲ ಮಾಷ್ಟ್ರೆ, ಹಕ್ಕಿದೂ ಅಲ್ಲ. ನಾ ಬಪ್ಪುದ್ ಬ್ಯಾಡ." ಮುಖದಲ್ಲಿ ನಗು ಇತ್ತು, ಆದರೂ ನನಗೆ ಕೆಡುಕೆನಿಸಿತು. ಅರುವತ್ತು ದಾಟಿದ ಮನುಷ್ಯ ಮೊದಲ ಸಲ ಒಂದು ಹೊಸ ಆಟಕ್ಕೆ ಬಂದು, ಆಟದಿಂದ ಹೊರಗಾಗಿ ಹೋದ ಹಾಗಿತ್ತು.

ಆಮೇಲೆ ಒಂದು ದಿನ ಫೋನು. ಫೋನನ್ನು ಕಿವಿಯಿಂದ ದೂರ ಹಿಡಿದು ಕೇಳಿದೆ. "ಮಾಷ್ಟ್ರೆ, ಬೇಗ ಬನ್ನಿ. ನಂಗೊಂದ್ ಹಕ್ಕಿ ಸಿಕ್ಕಿತ್. ಎಷ್ಟ್ ಮಾತಾಡಿರೂ ಹಾರುದಿಲ್ಲ."

ಹೋಗಿ ನೋಡಿದರೆ ಅವರ ಮನೆಯೆದುರಿನ ಬೈಲಿನಲ್ಲಿ ನೆಲಗಡಲೆಗೆಂದು ಉಳುಮೆ ನಡೆದಿತ್ತು. ಟಿಲ್ಲರ್ ಹೊಡೆಯುತ್ತಿದ್ದವನು ಶೀನ, ಅವರ ನೆರೆಮನೆಯವನು. ಟಿಲ್ಲರಿನ ಹಿಂದೆ ಬೆಳ್ಳಕ್ಕಿಗಳ ಮೆರವಣಿಗೆ. ದನಗಳ ಹಿಂದೆ ಓಡಾಡುವ, ಹಳದಿ ಕೊಕ್ಕಿನ, ಗಿಡ್ಡ ಕತ್ತಿನ ಗೋವಕ್ಕಿಗಳು. ಮಣ್ಣು ಮಗುಚಿದಲ್ಲೆಲ್ಲ ಹುಳ, ಮಿಡತೆ, ಕಪ್ಪೆ. ಹಿಂದೆ ಬಿದ್ದ ಹಕ್ಕಿ ಉಳಿದವುಗಳ ತಲೆಯ ಮೇಲಿಂದ ಹಾರಿ ಮುಂದೆ ಬಂದು ಕೂರುತ್ತಿತ್ತು. ಎಂಜಿನ್ನು ಹೊಗೆ ಕಾರುತ್ತ ಬಡಿದುಕೊಳ್ಳುತ್ತಿದ್ದರೆ ಅವು ಅದರ ಮಗ್ಗುಲಲ್ಲೇ ನಿಶ್ಚಿಂತೆಯಿಂದ ನಡೆಯುತ್ತಿದ್ದವು. ಗದ್ದೆಯ ಅಂಚಿನಲ್ಲಿ ಕೆಂಪು ಕುರ್ಚಿ ಹಾಕಿಕೊಂಡು, ಕೊಡೆ ಬಿಡಿಸಿಕೊಂಡು ಅಣ್ಣಯ್ಯ ಕುಳಿತಿದ್ದರು.

"ಇದ್ ನಮ್ಮ ಹೋಟ್ಲಿನ ಗಿರಾಕಿ ಕಾಣಿ," ಎಂದರು. "ಸದ್ದ್ ಗದ್ಲ ಇದ್ದಲ್ಲೇ ಬಪ್ಪುದ್. ಸದ್ದಿಲ್ದಿದ್ ಹೋಟ್ಲಿಗ್ ಯಾರ್ ಬತ್ರ್?"

ಅವತ್ತಿನಿಂದ ಅವರ ಪಕ್ಷಿವೀಕ್ಷಣೆ ಶುರುವಾಯಿತು. ದುರ್ಬೀನು ಬೇಡ, ಅಡಗಿ ಕೂರುವುದು ಬೇಡ, ಉಸಿರು ಹಿಡಿಯುವುದು ಬೇಡ. ಬೆಳ್ಳಕ್ಕಿಗಳನ್ನು ಅವರು ನೋಡಿದ್ದು ಪೂರ್ತಿ ಹೋಟೆಲಿನವರ ಕಣ್ಣಿನಿಂದ. ಒಂದು ಎಮ್ಮೆ ಎಂದರೆ ಒಂದು ಟೇಬಲ್. ಆ ಟೇಬಲ್ಲಿಗೆ ಒಂದು ಹಕ್ಕಿ ಕುಳಿತ ಮೇಲೆ ಇನ್ನೊಂದು ಬಂದರೆ ತಕರಾರು. ಕಪ್ಪೆಯನ್ನು ಕಚ್ಚಿಕೊಂಡು ದೂರ ಹಾರಿದರೆ ಅದು ಪಾರ್ಸೆಲ್. ಹುಳ ಹಿಡಿಯುವ ಮೊದಲು ಗೋವಕ್ಕಿ ಕತ್ತನ್ನು ಆಚೆ ಈಚೆ ತೂಗುತ್ತದಲ್ಲ, ಅದು ಏನು ತರಿಸಬೇಕೆಂದು ಯೋಚಿಸುವ ಗಿರಾಕಿಯ ಲಕ್ಷಣವಂತೆ. ಅದು ಕತ್ತು ತೂಗಲು ಶುರುಮಾಡಿದ ಕೂಡಲೇ ಇವರು ಕುರ್ಚಿಯಿಂದ ಕೂಗುವರು: "ಶೀನಾ, ಎರಡ್ ಕಪ್ಪಿ, ಒಂದ್ ಮಿಡ್ತಿ, ಅರ್ಜೆಂಟ್."

"ಅಣ್ಣಯ್ಯಾ, ಹಕ್ಕಿ ಬ್ಲೇಡಿಗ್ ಸಿಕ್ಕತ್ತೋ ಅಂದೇಳಿ ನಂಗ್ ಹೆದ್ರಿಕೆ," ಎಂದು ಶೀನ ಅಲ್ಲಿಂದ ಕೂಗುವನು.

"ಅದ್ಕೆ ನಿಂಗಿಂತ ಬುದ್ಧಿ ಇತ್ತ್. ನೀ ಸೀದಾ ಹೊಡಿ."

ಶೀನ ಸಾಲು ಮುಗಿಸಿ ಆಚೆ ತುದಿಯಲ್ಲೇ ತಿರುಗಿಸಿಕೊಂಡು ಉಳುತ್ತಿದ್ದರೆ ಅವರಿಗೆ ಆಗುತ್ತಿರಲಿಲ್ಲ. ಈಚೆ ಬದಿಗೆ ಬಾ ಎಂದು ಕೂಗಿ ಕರೆದು, ಹಕ್ಕಿಗಳ ಇಡೀ ಸಂತೆಯನ್ನು ತಮ್ಮ ಕುರ್ಚಿಯ ಮುಂದೆ ಹಾಯಿಸಿಕೊಳ್ಳುತ್ತಿದ್ದರು. ಉಳುಮೆಯ ದಿನ ಶೀನನಿಗೆ ಅವರ ಮನೆಯಿಂದಲೇ ಬನ್ಸು, ಚಾ. ಅದರಿಂದಾಗಿ ಊರಿನಲ್ಲಿ ಎಲ್ಲರ ಗದ್ದೆಯನ್ನೂ ಬೇಗ ಉತ್ತು ಮುಗಿಸುವ ಶೀನ ಆ ಗದ್ದೆಯನ್ನು ಮಾತ್ರ ನಿಧಾನವಾಗಿ ಉಳುತ್ತಿದ್ದ.

ಅವರ ಶಾಸ್ತ್ರವೆಲ್ಲ ಸರಿಯಿತ್ತು ಎಂದು ನಾನು ಹೇಳುವುದಿಲ್ಲ. ಬೆಳ್ಳಕ್ಕಿ ಎಮ್ಮೆಯ ಮೈಮೇಲಿನ ಉಣ್ಣಿಯನ್ನು ಮಾತ್ರ ತಿಂದು ಬದುಕುತ್ತದೆ ಎಂದು ಅವರು ಬಹಳ ದಿನ ವಾದಿಸಿದರು. ಎಮ್ಮೆ ಕಾಲಿಟ್ಟಲ್ಲಿ ಹಾರುವ ಹುಳವೇ ಅದಕ್ಕೆ ಮುಖ್ಯ ಊಟ ಎಂದು ನಾನು ಹೇಳಿದರೆ, "ಪುಸ್ತಕದವ್ರ್ ಎಮ್ಮಿ ಸಾಕಿದ್ರಾ?" ಎಂದು ಕೇಳಿದರು. ತೆಕ್ಕಟ್ಟೆ ಕಡೆ ಎಮ್ಮೆ ಕಡಿಮೆಯಾಗಿದ್ದರಿಂದ, ಕಣ್ಣಾರೆ ಕಂಡು ತೀರ್ಮಾನ ಮಾಡಲು ನಾವಿಬ್ಬರೂ ಬಸ್ಸು ಹತ್ತಿ ಕೊಕ್ಕರ್ಣೆಗೆ ಹೋದೆವು. ಯಾತಕ್ಕೆ ಹೋಗುತ್ತಿದ್ದೇವೆಂದು ಕೊಕ್ಕರ್ಣೆ ತಲುಪುವುದರೊಳಗೆ ಇಡೀ ಬಸ್ಸಿಗೆ ಗೊತ್ತಾಗಿತ್ತು. ಇಳಿಯುವಾಗ ಕಂಡಕ್ಟರು ಕೈಮುಗಿದ.

ಅಲ್ಲಿ ಒಂದು ಕೊಯ್ದ ಗದ್ದೆಯಲ್ಲಿ ಎಮ್ಮೆ ಮೇಯುತ್ತಿತ್ತು, ಪಕ್ಕದಲ್ಲಿ ಗೋವಕ್ಕಿ. ಅಣ್ಣಯ್ಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ರೆಪ್ಪೆ ಮಿಟುಕಿಸದೆ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ಮನೆಯೊಳಗಿಂದ ಒಬ್ಬ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ನನ್ನ ಎಮ್ಮಿನ್ ಎಂತಕ್ ಹಾಂಗ್ ಕಾಂತಾ ಕೂತ್ರಿ? ಮೊನ್ನೆ ಕರು ಹಾಕಿದ್ ಎಮ್ಮಿ ಅದ್."

"ಎಮ್ಮಿ ಕಾಂತಾ ಇಲ್ಲ ಅಕ್ಕ. ಬೆಳ್ಳಕ್ಕಿ ಕಾಂತಾ ಇದ್ದೆ. ತೆಕ್ಕಟ್ಟೆಯಿಂದ ಬಂದದ್."

"ಬೆಳ್ಳಕ್ಕಿ ಕಾಂಬುಕೆ ತೆಕ್ಕಟ್ಟೆಯಿಂದ ಬಂದ್ರ್ಯಾ? ಅಲ್ಲಿಲ್ಯಾ?"

ಅಣ್ಣಯ್ಯ ಎಮ್ಮೆಯನ್ನು ಬಿಟ್ಟು ನನ್ನ ಮುಖ ನೋಡಿದರು. ಆಕೆ ಒಳಗೆ ಹೋಗಿ ಉಪ್ಪು, ಮೆಣಸು ತಂದು ನಮ್ಮ ಎದುರಿಗೇ ಎಮ್ಮೆಗೆ ನಿವಾಳಿಸಿ, ನಮ್ಮನ್ನು ಒಮ್ಮೆ ದುರುಗುಟ್ಟಿ ನೋಡಿ, ಒಲೆಗೆ ಹಾಕಲು ಹೋದಳು. ಮೆಣಸು ಘಾಟು ಹೊಡೆಯುತ್ತದೋ ಇಲ್ಲವೋ ಎಂದು ಕಾಯುವ ಧೈರ್ಯ ನಮಗಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಅದೇ ಕಂಡಕ್ಟರು ಸಿಕ್ಕಿದ. ಇದನ್ನು ಅವರು ಅವನಿಗೂ ಹೇಳಿದರು, ಆಮೇಲೆ ವರ್ಷಗಟ್ಟಲೆ ಎಲ್ಲರಿಗೂ ಹೇಳಿದರು. ಉಣ್ಣಿಯ ವಿಷಯ ಇತ್ಯರ್ಥವಾಗದೆ ಹಾಗೆಯೇ ಉಳಿಯಿತು.

ಒಂದು ಬೇಸಿಗೆಯ ಕೊನೆಗೆ ಇನ್ನೊಂದು ಫೋನು ಬಂತು. ಬೇರೆ ದೇಶದ ಹಕ್ಕಿ ಬಂದಿದೆ, ತಲೆಯ ಮೇಲೆ ಕೇಸರಿ ಬಣ್ಣದ ಶೀರಾ ಚೆಲ್ಲಿದ ಹಾಗಿದೆ ಎಂದು. ಅದೇ ಬೆಳ್ಳಕ್ಕಿ, ಮರಿ ಮಾಡುವ ಕಾಲಕ್ಕೆ ತಲೆ, ಕತ್ತು, ಬೆನ್ನಿಗೆ ಆ ಬಣ್ಣ ಬರುತ್ತದೆ ಎಂದೆ. "ಹಾಂಗಾರೆ ಮದಿ ಸೀಸನ್ನ್ ಅನ್ನಿ. ಗಿರಾಕಿ ಬಟ್ಟಿ ಬದ್ಲ್ ಮಾಡ್ಕಂಡ್ ಬಂದ್ರೆ ಗುರ್ತ್ ಸಿಕ್ಲಿಲ್ಲ ಅಲ್ದಾ ನಂಗೆ," ಎಂದು ನಾಚಿಕೊಂಡರು. ಫೋನಿನಲ್ಲಿ ಅವರು ನಾಚಿಕೊಂಡದ್ದೂ ಜೋರಾಗಿಯೇ ಕೇಳುತ್ತಿತ್ತು.

ಅವರ ಹೆಂಡತಿಯ ವಿಷಯ ಹೇಳಲಿಲ್ಲ. ಅಕ್ಕ ಎಂದೇ ನಾನು ಕರೆಯುವುದು. ಅಕ್ಕನ ದನಿಯನ್ನು ನಾನು ಕೇಳಿದ್ದೇ ಕಡಿಮೆ. ಮನೆಯಲ್ಲಿ ಗಂಡ ಮಾತಾಡುತ್ತಿದ್ದರೆ ಅವರು ಚಾ ತಂದಿಟ್ಟು ನಕ್ಕು ಒಳಗೆ ಹೋಗುವವರು. ಒಮ್ಮೆ ಮಾತ್ರ ಬಾಗಿಲಲ್ಲಿ ನಿಂತು, ಕಿವಿ ಮುಟ್ಟಿಕೊಂಡು ನನಗೆ ಹೇಳಿದ್ದರು: "ಇವ್ರ್ ಗದ್ದಿಗ್ ಹೋರೆ ನನ್ನ ಕೆಮಿಗ್ ರಜೆ ಮಾಷ್ಟ್ರೆ. ಆ ಬೆಳ್ಳಕ್ಕಿಗ್ ಪುಣ್ಯ ಬರ್ಲಿ."

ಒಂದು ಮಳೆಗಾಲ ಮುಗಿಯುತ್ತ ಬಂದಾಗ ಆ ದನಿ ಒಡೆಯಿತು. ಶೀತ ಎಂದುಕೊಂಡರು, ಕಷಾಯ ಕುಡಿದರು. ಮೀನು ಮಾರುವವರು ತಮಾಷೆ ಮಾಡಿದರು. ದೀಪಾವಳಿ ಹತ್ತಿರ ಬಂದರೂ ಅದು ಸರಿಯಾಗಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿದರೆ, ಗಂಟಲಿನಲ್ಲಿ ಗಡ್ಡೆ ಇದೆ, ಕೆಟ್ಟ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ತೊಂದರೆ ಇಲ್ಲ ಎಂದರು. ಅಣ್ಣಯ್ಯ ಡಾಕ್ಟರಿಗೆ ನಮಸ್ಕಾರ ಮಾಡಿ ಎದ್ದು ಬಂದುಬಿಟ್ಟರು.

ಅಕ್ಕ ಹುಡುಕಿಕೊಂಡು ನಮ್ಮ ಮನೆಗೆ ಬಂದದ್ದು ಆಗ. ಕುರ್ಚಿ ಕೊಟ್ಟರೂ ಅಂಚಿನಲ್ಲಿ ಕುಳಿತರು. "ಅವ್ರ್ ಆಪ್ರೇಶನ್ ಬ್ಯಾಡ ಅಂತ್ರ್. ದನಿ ಇಲ್ದೆ ಬದ್ಕಿ ಎಂತ ಮಾಡುದ್ ಕೇಂತ್ರ್. ನಂಗ್ ಅವ್ರ್ ಬೇಕ್ ಮಾಷ್ಟ್ರೆ, ದನಿ ಇಲ್ದಿರೂ ಅಡ್ಡಿಲ್ಲ. ನೀವೊಂದ್ ಮಾತ್ ಹೇಳಿ," ಎಂದರು. ನಾನು ಆಗಲಿ ಎಂದೆ. ಏನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಹೋದಾಗ ಬೈಲಿನಲ್ಲಿ ಶೀನನ ಟಿಲ್ಲರು ಇತ್ತು, ಬೆಳ್ಳಕ್ಕಿಗಳಿದ್ದವು, ಕುರ್ಚಿಯಲ್ಲಿ ಅವರಿದ್ದರು. ಕೂಗುತ್ತಿರಲಿಲ್ಲ. ಹತ್ತಿರ ಹೋದ ಮೇಲೆ ಹರಿದ ಚಾಪೆ ಎಳೆದಂಥ ಸ್ವರದಲ್ಲಿ ಕೇಳಿದರು, "ಹೆಣ್ತಿ ಬಂದಿದ್ಲಾ?"

"ಬಂದಿದ್ರ್."

"ನಾ ಬೊಂಬಾಯಿಗ್ ಹೋಪತಿಗೆ ನನ್ನ ಕೈಯಂಗೆ ಎಂತ ಇದ್ದಿತ್ತ್ ಮಾಷ್ಟ್ರೆ? ಈ ದನಿ ಒಂದೇ. ಅದನ್ನೇ ತೆಗ್ದ್ ಕೊಟ್ರೆ ಮತ್ತೆ ಉಳುದ್ ಯಾರ್?"

ನಾನು ಅಂಚಿನ ಹುಲ್ಲಿನ ಮೇಲೆ ಕುಳಿತೆ. ಗದ್ದೆಯ ಪಕ್ಕದ ನೀರಿನ ತೋಡಿನ ಮೇಲೆ ಬಾಗಿದ ಮರದ ಗೆಲ್ಲಿನಲ್ಲಿ ಒಂದು ಮಿಂಚುಳ್ಳಿ ಬಂದು ಕುಳಿತುಕೊಂಡಿತು. ಅಣ್ಣಯ್ಯ ಕೆಮ್ಮಿದರು. ಮಿಂಚುಳ್ಳಿ ಹಾರಿಹೋಯಿತು. ಅದು ಹೋದ ದಿಕ್ಕನ್ನೇ ಅವರು ಬಹಳ ಹೊತ್ತು ನೋಡಿದರು.

"ದನಿ ತೆಗ್ದ್ರೆ ಅದ್ ಹಾರುದಿಲ್ಲ ಅಲ್ದಾ?"

"ಹಾರುದಿಲ್ಲ," ಎಂದೆ.

"ಹುಂಡುಕೋಳಿ?"

"ಅದೂ ಇಲ್ಲ."

"ಟಿಟ್ಟಿಭ?"

ಟಿಟ್ಟಿಭ ಮೂಕನನ್ನು ಕಂಡರೂ ಕೂಗಿ ಹಾರುವ ಹಕ್ಕಿ. ಆದರೂ ನಾನು "ಇಲ್ಲ" ಎಂದೆ. ಸಂತೆಯಲ್ಲಿ ತರಕಾರಿಯವನ ಹತ್ತಿರ ಚೌಕಾಸಿ ಮಾಡಿದ ಹಾಗೆ ಅವರು ಹೊಳೆ ಬದಿಯ ಒಂದೊಂದೇ ಹಕ್ಕಿಯ ಹೆಸರು ಹೇಳಿದರು, ನಾನು ಒಂದೊಂದನ್ನೂ ಒಪ್ಪಿಕೊಂಡೆ. ಕೊನೆಗೆ ಕೊಡೆ ಮಡಚಿದರು.

"ಹಾಂಗಾರೆ ಅಡ್ಡಿಲ್ಲ. ಕೊಡುವ. ಆದ್ರೆ ಇವತ್ತಿನ್ ಗದ್ದಿ ಮುಗೀಲಿ."

ಎದ್ದು ನಿಂತು, ಉಳಿದಿದ್ದ ಆ ಒಡಕು ದನಿಯಲ್ಲೇ ಶುರುಮಾಡಿದರು. ಕಪ್ಪೆ, ಮಿಡತೆ, ಎರೆಹುಳ, ಪಾರ್ಸೆಲ್, ಅರ್ಜೆಂಟ್. ಕೂಗಿದರು, ಕೆಮ್ಮಿದರು, ನೀರು ಕುಡಿದರು, ಮತ್ತೆ ಕೂಗಿದರು. ವಿಷಯ ಗೊತ್ತಿದ್ದ ಶೀನ ಅವತ್ತು ಮಾರುತ್ತರ ಕೊಡದೆ, ಉತ್ತ ಸಾಲನ್ನೇ ಮತ್ತೆ ಮತ್ತೆ ಉತ್ತ. ಬೆಳ್ಳಕ್ಕಿಗಳು ಎಂದಿನಂತೆ ತಮ್ಮ ಪಾಡಿಗೆ ತಿಂದವು. ಅಕ್ಕ ಅಂಗಳದ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದರು. ಸಂಜೆ ಹಕ್ಕಿಗಳು ಸಾಲುಗಟ್ಟಿ ಹೊಳೆ ಕಡೆಗೆ ಹಾರುವ ಹೊತ್ತಿಗೆ ಅಣ್ಣಯ್ಯನ ಬಾಯಿಂದ ಗಾಳಿ ಮಾತ್ರ ಬರುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಆಪರೇಶನ್ ಚೆನ್ನಾಗಿ ಆಯಿತು. ಕತ್ತಿನಲ್ಲಿ ಉಸಿರಾಡುವುದಕ್ಕೆ ಒಂದು ತೂತು, ಅದರ ಮೇಲೆ ತೆಳುವಾದ ಬಿಳಿ ಬಟ್ಟೆ. ಚೇತರಿಸಿಕೊಂಡ ಮೇಲೆ ಒಂದು ಭಾನುವಾರ ನಮ್ಮ ಗುಂಪಿನ ಜೊತೆ ಹೊಳೆ ಬದಿಗೆ ಬಂದರು. ನಮ್ಮೆಲ್ಲರಿಗಿಂತ ಒಳ್ಳೆಯ ಪಕ್ಷಿವೀಕ್ಷಕ ಈಗ ಅವರೇ. ಮಿಂಚುಳ್ಳಿ ಕೈಯಳತೆಯಲ್ಲಿ ಕುಳಿತು ಮೀನು ಹಿಡಿಯಿತು. ಹುಂಡುಕೋಳಿ ಮರಿಗಳ ಸಮೇತ ಹೊರಗೆ ಬಂತು. ಮೇಡಂ ಸಂತೋಷದಿಂದ ಅವರ ಬೆನ್ನು ತಟ್ಟಿದರು. ಅಣ್ಣಯ್ಯ ಎಲ್ಲವನ್ನೂ ಮರ್ಯಾದೆಯಿಂದ ನೋಡಿದರು. ಆಮೇಲೆ ನನ್ನ ಅಂಗಿಯ ತೋಳು ಜಗ್ಗಿ, ಎರಡೂ ಕೈಯಲ್ಲಿ ಟಿಲ್ಲರಿನ ಹಿಡಿ ಹಿಡಿದ ಹಾಗೆ ಮಾಡಿ, ತೆಕ್ಕಟ್ಟೆ ಕಡೆಗೆ ಗಲ್ಲ ಎತ್ತಿ ತೋರಿಸಿದರು. ಕೈಸನ್ನೆಯಲ್ಲಿ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಇಲ್ಲಿ ಎಲ್ಲ ಚೆನ್ನಾಗಿದೆ, ಆದರೆ ವ್ಯಾಪಾರ ಇಲ್ಲ.

ಗದ್ದೆಗೆ ಹೋದರೆ ಬೇರೆ ಕಷ್ಟ. ಶೀನ ಆಚೆ ತುದಿಯಲ್ಲಿ, ಹಕ್ಕಿಗಳೂ ಅಲ್ಲೇ. ಕರೆಯುವುದು ಹೇಗೆ? ಶೀನನೇ ಪ್ರೀತಿಯಿಂದ ಒಂದು ಸೀಟಿ ತಂದುಕೊಟ್ಟಿದ್ದ. ಅಣ್ಣಯ್ಯ ಅದನ್ನು ಬಾಯಿಗಿಟ್ಟು ಊದಿದಾಗಲೇ ನಮಗೆ ಹೊಳೆದದ್ದು, ಉಸಿರು ಬಾಯಿಗೆ ಬರುವುದೇ ಇಲ್ಲ, ಕತ್ತಿನಲ್ಲೇ ಹೋಗುತ್ತದೆ ಎಂದು. ಕತ್ತಿನ ಬಟ್ಟೆ ಪಟಪಟ ಅಂದಿತು. ಅವರಿಗೆ ನಗು ತಡೆಯಲಿಲ್ಲ, ಸದ್ದಿಲ್ಲದೆ ಭುಜ ಕುಣಿಸಿ ನಕ್ಕರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಿನ ನೀರಾಗಿ ಉಳಿಯಲಿಲ್ಲ.

ಚಾ ಹಿಡಿದುಕೊಂಡು ಬಂದಿದ್ದ ಅಕ್ಕ ಇದನ್ನು ನೋಡಿದರು. ಲೋಟವನ್ನು ಅಂಚಿನ ಮೇಲಿಟ್ಟರು. ಗಂಡನ ಕೈಯಿಂದ ಸೀಟಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದರು. ಗದ್ದೆಯ ಕಡೆ ತಿರುಗಿದರು.

"ಹ್ವಾಯ್ ಶೀನಾ, ಈಚಿ ಬದಿಗ್ ಬಾ."

ಟಿಲ್ಲರು ತಿರುಗಿತು. ನಾನು ಬೆಚ್ಚಿಬಿದ್ದೆ. ತೆಂಗಿನ ತೋಟದಲ್ಲಿ ಕಾಯಿ ಹೆಕ್ಕುತ್ತಿದ್ದವರು ನೆಟ್ಟಗೆ ನಿಂತರು. "ಇಷ್ಟ್ ವರ್ಷ ಈ ದನಿ ಎಲ್ಲಿತ್ತ್ ಅಕ್ಕ?" ಎಂದು ಕೇಳಿದೆ.

"ಇವ್ರ್ ದನಿ ಇದ್ದತಿಗೆ ನಂಗ್ ಎಡೆ ಎಲ್ಲಿತ್ತ್?" ಎಂದರು.

ಮರುದಿನದಿಂದ ಗದ್ದೆಯ ಅಂಚಿಗೆ ಎರಡನೆಯ ಕೆಂಪು ಕುರ್ಚಿಯೂ ಬಂತು. ಅಣ್ಣಯ್ಯ ಬೆರಳಲ್ಲಿ ತೋರಿಸುವುದು, ಅಕ್ಕ ಕೂಗುವುದು. "ಎರಡ್ ಕಪ್ಪಿ ಅಂಬ್ರ್. ಅಲ್ಲ, ಮೂರ್ ಅಂಬ್ರ್." ಬೆಳ್ಳಕ್ಕಿಯ ಮೇಲೆ ಅಕ್ಕನಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಕೂಗುತ್ತ ಕೂಗುತ್ತ ಅವರು ಬೇರೆ ವಿಷಯಗಳನ್ನೂ ಹೇಳಿದರು: ಯಾರ ಮನೆಯಲ್ಲಿ ಏನಾಯಿತು, ಬೊಂಬಾಯಿಯಲ್ಲಿದ್ದಾಗ ಅತ್ತೆ ಏನೆಂದರು, ನಲವತ್ತು ವರ್ಷ ಹೇಳಲು ಎಡೆ ಸಿಗದ ಎಲ್ಲವನ್ನೂ. ಅಣ್ಣಯ್ಯ ಹಕ್ಕಿ ನೋಡುವುದನ್ನು ಬಿಟ್ಟು ಹೆಂಡತಿಯ ಬಾಯಿ ನೋಡುತ್ತ ಕುಳಿತದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೀಗೆ ಅವರಿಬ್ಬರು ಕೆಲವು ವರ್ಷ ಸುಖವಾಗಿದ್ದರು.

ಕಳೆದ ತಿಂಗಳು ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಗಂಟಲಿನ ಕಾಯಿಲೆಯಲ್ಲ, ಹೃದಯ ನಿಂತದ್ದು.

ನಾಲ್ಕೈದು ದಿನ ಬಿಟ್ಟು ನಾನು ಮತ್ತೆ ಹೋದೆ. ಮನೆ ತುಂಬ ನೆಂಟರು, ಬೊಂಬಾಯಿಯಿಂದ ಬಂದವರು, ಊರವರು. ಎಲ್ಲರೂ ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಆ ಮನೆಯಲ್ಲಿ ಗಡಿಯಾರದ ಸದ್ದು ನನಗೆ ಕೇಳಿಸಿದ್ದು ಅದೇ ಮೊದಲು. ಅಕ್ಕ ಒಳಬಾಗಿಲ ಹತ್ತಿರ ಗೋಡೆಗೆ ಒರಗಿ ಕುಳಿತಿದ್ದರು. ಹೋಗಿ ಎದುರು ಕುಳಿತೆ.

"ಗದ್ದಿ ಬದಿಯಿಂದ ಬಂದ್ರ್ಯಾ?" ಎಂದು ಕೇಳಿದರು.

"ಹೌದ್."

"ಶೀನ ಟಿಲ್ಲರ್ ಹೊಡೀತಾ ಇದ್ನಾ?"

"ಆಚಿ ಮನಿಯವ್ರ್ ಗದ್ದಿಲಿ ಇದ್ದ."

"ಹಕ್ಕಿ ಬಂದಿದ್ವಾ?"

"ಬಂದಿದ್ವ್," ಎಂದೆ, ಎಲ್ಲರ ಹಾಗೆ ತಗ್ಗಿದ ದನಿಯಲ್ಲಿ.

"ಕೇಣ್ಲಿಲ್ಲ."

ಅವರ ಕಿವಿಗೆ ಏನೂ ಆಗಿರಲಿಲ್ಲ. ನಾನು ಮುಖ ನೋಡಿದೆ.

"ದೊಡ್ಡಕ್ ಹೇಳಿ ಮಾಷ್ಟ್ರೆ. ಐದ್ ದಿನ ಆಯ್ತ್, ಎಲ್ಲರೂ ಪಿಸಪಿಸ ಪಿಸಪಿಸ. ಈ ಮನಿಯಂಗೆ ಹಾಂಗ್ ಮಾತಾಡಿ ಗೊತ್ತಿಲ್ಲ."

ನಾನು ಎದ್ದು ನಿಂತು, ತರಗತಿಯಲ್ಲಿ ಕೂಡ ಎಂದೂ ತೆಗೆಯದ ದನಿ ತೆಗೆದು ಹೇಳಿದೆ: "ಬಂದಿದ್ವ್ ಅಕ್ಕ. ಗದ್ದಿ ತುಂಬ ಇದ್ವ್. ಟಿಲ್ಲರ್ ಹಿಂದೆಯೇ ಹೋತಾ ಇದ್ವ್. ಒಂದಕ್ಕೆ ದೊಡ್ಡ ಕಪ್ಪಿ ಸಿಕ್ಕಿತ್, ನುಂಗುಕ್ ಆಯ್ಲಿಲ್ಲ, ಕಚ್ಕಂಡ್ ತೋಟದ ಬದಿಗ್ ಹಾರ್ತ್."

ಅಂಗಳದಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮತ್ತೆ?" ಎಂದರು.